ಹಳೆಯ ನೀರು

ನೇತ್ರಾಳಿಗೆ ಕೇಳುವ ಬಾಯಿ ಇರಲಿಲ್ಲ. ಊಟಕ್ಕೆ ಕೂತಾಗ ಮಜ್ಜಿಗೆ ತನ್ನ ತನಕ ಬರುವ ಮೊದಲೇ ಮುಗಿದರೆ ಅನ್ನಕ್ಕೆ ಉಪ್ಪಿನಕಾಯಿ ರಸ ಕಲಸಿಕೊಂಡು ಏಳುವಳು. ಬಸ್ಸು ತನ್ನ ಸ್ಟಾಪು ದಾಟಿ ಹೋದರೂ ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದೆ ನಡೆದು ಬರುವಳು. ಯಲ್ಲಾಪುರದ ಗಂಡನ ಮನೆ ಬಿಟ್ಟು ಶಿರಸಿಯ ಅಣ್ಣನ ಮನೆಗೆ ಬಂದು ಎರಡು ಮಳೆಗಾಲ ಕಳೆದಿದ್ದರೂ ಅವಳ ಎರಡು ಚೀಲಗಳು ಕೋಣೆಯ ಕಿಟಕಿಯ ಕೆಳಗೆ, ಜಿಪ್ಪು ಎಳೆದುಕೊಂಡು, ಬಸ್ಸಿಗೆ ಕಾದವರ ಹಾಗೆ ಕೂತೇ ಇದ್ದವು. ಬೇಕಾದ್ದನ್ನು ಅವುಗಳಿಂದಲೇ ತೆಗೆದು ಉಟ್ಟು, ಒಗೆದು, ಮಡಚಿ, ಮತ್ತೆ ಅವುಗಳಿಗೇ ತುಂಬುತ್ತಿದ್ದಳು. ಬಂದ ವಾರವೇ ಅತ್ತಿಗೆ ಸೌಮ್ಯ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟಿದ್ದಳು. ಅದು ತಿಂಗಳುಗಟ್ಟಲೆ ಖಾಲಿಯೇ ಉಳಿದಾಗ ಒಂದು ದಿನ ಅದರಲ್ಲಿ ಬೆಡ್‌ಶೀಟು ಇಟ್ಟಳು. ಅತ್ತಿಗೆಗೆ ಬೇಸರವಾಗಿರಬೇಕು ಎಂದು ನೇತ್ರಾ ಆ ರಾತ್ರಿ ಹೊರಳಾಡಿದಳು. ಬೇಸರವಾಯಿತೇ ಎಂದು ಕೇಳಲಿಲ್ಲ.

ಅಂಥವಳು ಮನೆಯಲ್ಲಿ ಮೂರಡಿ ಜಾಗ ಕೇಳಿದ್ದು, ಅದೂ ಮೀನಿಗೆ. ಗ್ರಹಣದ ಸಂಜೆ ಲ್ಯಾಬಿನಿಂದ ಮನೆಯ ಕಡೆ ನಡೆಯುವಾಗ ಅವಳು ಅದನ್ನೇ ಯೋಚಿಸುತ್ತಿದ್ದಳು. ಅವಳು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿಗೆ ಅವತ್ತು ಮಧ್ಯಾಹ್ನದ ಮೇಲೆ ಒಬ್ಬರೂ ಬರಲಿಲ್ಲ. ಚಂದ್ರ ಗ್ರಹಣ ಹಿಡಿದುಕೊಂಡೇ ಹುಟ್ಟುತ್ತಾನೆ, ಏಳರೊಳಗೆ ಬಿಡುತ್ತದೆ ಎಂದು ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಅದೇ. ಪೇಟೆಯಲ್ಲಿ ಅರ್ಧ ಶಟರು ಎಳೆದ ಅಂಗಡಿಗಳು, ಭಜಿ ಕರಿಯದ ಕ್ಯಾಂಟೀನು. ಖಾಲಿ ರಸ್ತೆಯಲ್ಲಿ ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತಿತ್ತು. ಬೆಳಿಗ್ಗೆ ತಾನು ಆಡಿದ ಒಂದು ಮಾತು ಆ ಸದ್ದಿನ ಜೊತೆಗೇ ಬರುತ್ತಿತ್ತು, ಮತ್ತು ಅದು ಅವಳಿಗೆ ಖುಷಿ ಕೊಡುತ್ತಿತ್ತು. ಅತ್ತಿಗೆ ದರ್ಭೆಯ ಕಟ್ಟು ಹಿಡಿದುಕೊಂಡು ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿ, ಕುಡಿಯುವ ನೀರಿನ ಕೊಡ ಎಲ್ಲದಕ್ಕೂ ಒಂದೊಂದು ಚೂರು ಹಾಕುತ್ತ ಬಂದವಳು ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ಟ್ಯಾಂಕಿಗೂ ಒಂದು ಚೂರು ಹಾಕ್ಲ? ಇಲ್ದಿದ್ರೆ ಆ ನೀರು ಚೆಲ್ಲವು ಮತ್ತೆ" ಎಂದಿದ್ದಳು.

"ಎಂತಕ್ಕೆ ಅತ್ತಿಗೆ? ಮೀನಿಗೂ ಗ್ರಹಣವ?"

ಅತ್ತಿಗೆ ನಕ್ಕಿದ್ದಳು. "ಬಿಎಸ್ಸಿ ಓದಿದ ಮೀನು ಹೇಳು ಹಂಗಾರೆ" ಎಂದು ದರ್ಭೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿದ್ದಳು. ಆ ಮನೆಯಲ್ಲಿ ನೇತ್ರಾ ಬೇಡ ಎಂದದ್ದು ಅದೇ ಮೊದಲು. ದರ್ಭೆಯಿಂದ ಮೀನಿಗೇನೂ ಆಗುತ್ತಿರಲಿಲ್ಲ, ಅದು ಬರೀ ಹುಲ್ಲು, ಅವಳಿಗೆ ಗೊತ್ತಿತ್ತು. ಆದರೂ ಬೇಡ ಎಂದದ್ದರಲ್ಲಿ ಒಂದು ರುಚಿ ಇತ್ತು. ಚೆಲ್ಲವು, ಚೆಲ್ಲಬೇಕು, ಎಂದ ಮಾತು ಆ ರುಚಿಯಲ್ಲಿ ಅವಳ ಕಿವಿಗೆ ಬಿದ್ದೂ ಬೀಳಲಿಲ್ಲ.

ಮೀನು ಮೊದಲು ಅವಳದ್ದಾಗಿರಲಿಲ್ಲ. ಅಣ್ಣ ನಾಗಪತಿ ಮಗಳು ಸಮೃದ್ಧಿಯ ಹುಟ್ಟಿದ ಹಬ್ಬಕ್ಕೆ ತಂದದ್ದು, ಒಂದು ಗುಂಡು ಗಾಜಿನ ಬೌಲು, ತಳಕ್ಕೆ ಬಣ್ಣದ ಗೋಲಿ, ಒಳಗೆ ಎರಡು ಗೋಲ್ಡ್‌ಫಿಶ್. ಅದನ್ನು ಫ್ರಿಜ್ಜಿನ ತಲೆಯ ಮೇಲೆ ಇಟ್ಟಿದ್ದರು. ಫ್ರಿಜ್ಜು ಗುರ್ ಎಂದಾಗಲೆಲ್ಲ ನೀರು ಸಣ್ಣಗೆ ನಡುಗುತ್ತಿತ್ತು. ಬಂದವರೆಲ್ಲ ಚಂದ ಎನ್ನುತ್ತಿದ್ದರು. ನೇತ್ರಾಳಿಗೆ ಮಾತ್ರ ಅವು ಮೇಲೆ ಬಂದು ಬಾಯಿ ತೆರೆಯುವುದು, ಮುಚ್ಚುವುದು, ತೆರೆಯುವುದು ನೋಡಲು ಆಗುತ್ತಿರಲಿಲ್ಲ. ಸಮೃದ್ಧಿ, "ಅತ್ತೆ, ನೋಡು, ಮಾತಾಡ್ತಾ ಇದ್ದು" ಎನ್ನುತ್ತಿದ್ದಳು. ಮಾತಲ್ಲ, ಅವಕ್ಕೆ ಉಸಿರು ಸಾಲುತ್ತಿಲ್ಲ ಎಂದು ಹೇಳಬೇಕೆನ್ನಿಸಿ ನೇತ್ರಾ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಯಲ್ಲಾಪುರದ ಮನೆಯಲ್ಲಿ ಅವಳು ಮಧ್ಯಾಹ್ನದ ಹೊತ್ತು ಬಚ್ಚಲಿನ ಬೆಳಕಿಂಡಿಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದಳು. ಅಲ್ಲಿ ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಗಂಡ ಉಲ್ಲಾಸ ಒಳ್ಳೆಯವನೇ, ಯಾರು ಬೇಕಾದರೂ ಬಂದು ಸಾಕ್ಷಿ ಹೇಳಿಯಾರು. ಆದರೆ ಆ ಮನೆಯಲ್ಲಿ ಎಲ್ಲಿ ನಿಂತರೂ ಯಾರಿಗೋ ಅಡ್ಡ ನಿಂತಂತೆ ಆಗುತ್ತಿತ್ತು. ಇಂಥದ್ದನ್ನು ಮನೆ ಬಿಡಲು ಕಾರಣ ಎಂದು ಯಾರ ಮುಂದೆ ಹೇಳುವುದು? ಬೆಳಕಿಂಡಿಯಿಂದ ಬರುವ ಗಾಳಿಗೆ ಹೀಗೆ ಬಾಯಿ ಒಡ್ಡಿ ನಿಂತದ್ದನ್ನು ಅತ್ತೆ ಒಮ್ಮೆ ನೋಡಿ, "ಎಂತ ಮಾಡ್ತಾ ಇದ್ಯೆ ಅಲ್ಲಿ?" ಎಂದಾಗ ಇವಳು ಸಾಬೂನು ಹುಡುಕುತ್ತಿದ್ದೆ ಎಂದಿದ್ದಳು.

ಒಂದು ಮೀನು ಸತ್ತಿತು. ಸಮೃದ್ಧಿ ಅತ್ತಳು. ನಾಗಪತಿ ಬಲ್ಬು ಒಡೆದರೆ ಬಲ್ಬು ತರುವವನಂತೆ, ಅವನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ, ಇನ್ನೆರಡು ಮೀನು ತಂದು ಅದೇ ಬೌಲಿಗೆ ಬಿಟ್ಟ. ಈಗ ಮೂರಾದವು, ಎರಡು ಕೆಂಪು, ಒಂದು ಬಿಳಿ. ವಾರದೊಳಗೆ ನೀರು ಮಬ್ಬಾಗಿ, ಹತ್ತಿರ ಹೋದರೆ ಮೂಗಿಗೆ ಚುಚ್ಚುವ ವಾಸನೆ ಬರತೊಡಗಿತು. ಲ್ಯಾಬಿನಲ್ಲಿ ಮುಚ್ಚಳ ತೆಗೆದಿಟ್ಟ ಹಳೆ ಮೂತ್ರದ ಬಾಟಲಿಯ ವಾಸನೆಯೇ ಅದು, ಅಮೋನಿಯಾ. ಅವು ತಮ್ಮ ಉಚ್ಚೆಯನ್ನು ತಾವೇ ಉಸಿರಾಡುತ್ತಿವೆ ಎಂಬುದು ಹೊಳೆದ ದಿನ ಅವಳಿಗೆ ಊಟ ಸೇರಲಿಲ್ಲ. ಮರುದಿನ ಲ್ಯಾಬಿನಿಂದ ನೇರ ಅಸದ್‌ನ ಸಾಕುಮೀನಿನ ಅಂಗಡಿಗೆ ಹೋಗಿ, ಗಿರಾಕಿ ಇಲ್ಲದ ಹೊತ್ತು ನೋಡಿ, ಬೌಲಿನಲ್ಲಿ ಗೋಲ್ಡ್‌ಫಿಶ್ ಬದುಕುವುದಿಲ್ಲವೇ ಎಂದು ಕೇಳಿದಳು.

"ಬೌಲು ಚಂದ ಕಾಣ್ತದೆ ಅಕ್ಕ. ಜನ ಬೌಲೇ ಕೇಳ್ತಾರೆ."

"ಮೀನು ಸಾಯ್ತದಲ್ಲ ಮತ್ತೆ?"

"ಸತ್ರೆ ಮತ್ತೆ ನನ್ನ ಹತ್ರನೇ ಬರ್ತಾರಲ್ಲ!" ಎಂದು ನಕ್ಕ ಅಸದ್ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಖರೆ ಹೇಳ್ತೇನೆ, ನನ್ನ ಮನೇಲೇ ಗೋಲ್ಡ್‌ಫಿಶ್ ಇಟ್ಟಿಲ್ಲ. ಸಿಕ್ಕಾಪಟ್ಟೆ ತಿಂತಾವೆ, ಅಷ್ಟೇ ಹೇಲ್ತಾವೆ. ಈಗ ಬೆರಳಿನಷ್ಟಿದಾವೆ, ನಾಳೆ ಅಂಗೈಯಷ್ಟಾಗ್ತಾವೆ. ಮೂರು ಇದ್ರೆ ಮೂರಡಿ ಟ್ಯಾಂಕಾದ್ರೂ ಬೇಕು. ನೂರು ಲೀಟರ್. ಮೊದ್ಲು ಜಾಗ ನೋಡ್ಕೊಂಡು ಬನ್ನಿ. ನೀರು ತುಂಬಿದ ಮೇಲೆ ಆಚೆ ಈಚೆ ಎತ್ತಿಡೂಕಾಗೂದಿಲ್ಲ ನೋಡಿ ಅದು."

ಆ ಕೊನೆಯ ಮಾತು ಅವಳನ್ನು ಹೆದರಿಸಿತು. ಜೊತೆಗೆ, ಯಾಕೆಂದು ಗೊತ್ತಾಗದೆ, ಹಿತವೂ ಅನಿಸಿತು. ಮನೆಯಲ್ಲಿ ಅಂಥ ಜಾಗ ಒಂದೇ ಇತ್ತು. ಅವತ್ತು ಊಟದ ಹೊತ್ತಿಗೆ, ನಾಗಪತಿ ಎರಡನೇ ಸಲ ಸಾರು ಹಾಕಿಸಿಕೊಂಡಾಗ, ಮೂರಡಿ ಟ್ಯಾಂಕು ಬೇಕು ಎಂದಳು. ತನ್ನ ದನಿ ಪಕ್ಕದ ಮನೆಯಿಂದ ಬಂದಂತಿತ್ತು.

"ಟ್ಯಾಂಕ್ ಎಂತಕ್ಕೆ, ಒಂದು ಬಾವಿನೇ ತೋಡಿಸ್ಲನೆ ನಿನ್ನ ಮೀನಿಗೆ?" ಎಂದ ನಾಗಪತಿ.

"ನಿಂಗ ಸುಮ್ನಿರಿ" ಎಂದು ಗಂಡನಿಗೆ ಹೇಳಿ ಅತ್ತಿಗೆ ಇವಳತ್ತ ತಿರುಗಿದಳು. "ಎಲ್ಲಿ ಇಡ್ತ್ಯೆ?"

"ಯನ್ನ ಚೀಲ ಇದ್ದಲಿ, ಕಿಟಕಿ ಕೆಳಗೆ, ಅಲ್ಲೆ. ಚೀಲ ಅಟ್ಟಕ್ಕೆ ಹಾಕ್ತೆ."

ಅತ್ತಿಗೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ನಿಂತಿತು. "ಹಂಗಾರೆ ನಾಳೆನೇ ಬರ್ಲಿ ಟ್ಯಾಂಕು" ಎಂದಳು. ಆ ನಿಂತ ಸೌಟನ್ನು ನೇತ್ರಾ ಎಷ್ಟೋ ದಿನ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಅದು ಸಂತೋಷವೇ? ಕೋಣೆ ಗುಡಿಸುವಾಗ ಚೀಲ ಅಡ್ಡ ಬರುವುದು ತಪ್ಪಿತೆಂಬ ನಿರಾಳವೇ? ಅಥವಾ ಇವಳಿನ್ನು ಹೋಗುವುದಿಲ್ಲ ಎಂಬುದು ಗೊತ್ತಾದ ಕ್ಷಣವೇ?

ಟ್ಯಾಂಕು ಬಂತು, ಚೀಲ ಅಟ್ಟಕ್ಕೆ ಹೋಯಿತು. ಶಿರಸಿಯ ಸೆಖೆಯಲ್ಲಿ ಕಿಟಕಿಯ ಕೆಳಗೆ ನೂರು ಲೀಟರು ನೀರು ತಣ್ಣಗೆ ನಿಂತದ್ದೇ ಕೋಣೆ ಬೇರೆಯಾಯಿತು. ಅವಳು ಫೋನಿನಲ್ಲಿ ನೋಡಿ, ತಪ್ಪಿ, ಮತ್ತೆ ನೋಡಿ ಕಲಿತಳು. ನಲ್ಲಿಯ ನೀರಿಗೆ ಬ್ಲೀಚಿಂಗ್ ಹಾಕಿರುತ್ತಾರೆ, ಮನುಷ್ಯರಿಗೆ ಅದರಿಂದ ಒಳ್ಳೆಯದು, ಮೀನಿನ ಕಿವಿರನ್ನು ಅದು ಸುಡುತ್ತದೆ. ಅದಕ್ಕೆ ಹಿತ್ತಿಲ ಕಟ್ಟೆಯ ಮೇಲೆ ಎರಡು ಬಕೆಟ್ ನೀರನ್ನು ಬಿಸಿಲಿಗೆ ತೆರೆದಿಟ್ಟು ಹಳತು ಮಾಡಿಕೊಳ್ಳುತ್ತಿದ್ದಳು. ಭಾನುವಾರ ಟ್ಯಾಂಕಿನಿಂದ ಪೈಪು ಹಾಕಿ ಕಾಲು ಭಾಗದಷ್ಟೇ ತೆಗೆದು ಅಷ್ಟನ್ನೇ ತುಂಬುವಳು. ಪೂರ್ತಿ ಎಂದೂ ಬದಲಿಸಬಾರದು. ಫಿಲ್ಟರಿನ ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡಬೇಕು, ನಲ್ಲಿ ಕೆಳಗೆ ಹಿಡಿಯಬಾರದು. ಆ ಸ್ಪಂಜಿಗೆ ಕಟ್ಟಿದ ಕಂದು ಲೋಳೆಯೇ ಉಚ್ಚೆಯ ವಿಷವನ್ನು ತಿಂದು ಹಾಕುವ ಜೀವ. ಇದನ್ನೆಲ್ಲ ಅತ್ತಿಗೆಗೆ ಹೇಳಬೇಕಿತ್ತು. ಎಷ್ಟೋ ಸಲ ಅತ್ತಿಗೆಯೇ ಕೇಳಿದ್ದಳು, "ಆ ಸ್ಪಂಜು ಎಷ್ಟು ಕೊಳಕಾಜೆ, ತೊಳೆದು ಕೊಡ್ಲ?" ಎಂದು. ಒಲೆಯ ಕಟ್ಟೆಯನ್ನು ದಿನಕ್ಕೆರಡು ಸಲ ಉಜ್ಜುವ ಹೆಂಗಸಿಗೆ ಈ ಕೊಳೆ ಬೇಕು ಎಂದು ಹೇಳುವುದು ಹೇಗೆ? ಅವಳ ಮನೆಯಲ್ಲಿ ಕೂತು ಅವಳಿಗೇ ಪಾಠ ಹೇಳಿದ ಹಾಗಾಗುತ್ತದೆ. "ಅಡ್ಡಿಲ್ಲೆ, ಆನೇ ನೋಡ್ಕತ್ತೆ" ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು.

ಯಲ್ಲಾಪುರದಿಂದ ಉಲ್ಲಾಸನ ಫೋನು ಆಗಾಗ ಬರುತ್ತಿತ್ತು. ವಾಪಸು ಬತ್ಯ ಎಂದು ಕೇಳುತ್ತಿದ್ದ. ನೋಡ್ತೆ ಎನ್ನುತ್ತಿದ್ದಳು. ಟ್ಯಾಂಕು ಬಂದ ಮೇಲೆ ಒಮ್ಮೆ, "ಮೀನು ಇದ್ದು, ಬಿಟ್ಟಿಕ್ಕೆ ಬಪ್ಪಲೆ ಆಗ್ತಿಲ್ಲೆ" ಎಂದುಬಿಟ್ಟಳು. ಅವನು ಮೊದಲು ನಕ್ಕ. ಆಮೇಲೆ, ಹೌದಲ್ಲ, ಜೀವ ಇದ್ದದ್ದು, ಎಂದು ಫೋನಿಟ್ಟ. ಅದಕ್ಕಿಂತ ಒಳ್ಳೆಯ ಕಾರಣ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ನಿನ್ನ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ ಎಂದು ಹೇಳಿದರೆ ಅವನು ಯಾಕೆ ಎಂದು ಕೇಳುತ್ತಾನೆ, ಯಾಕೆಂದು ಅವಳಿಗೆ ಹೇಳಲು ಬರುವುದಿಲ್ಲ. ಮೀನಿಗೆ ದಿನಾ ಊಟ ಹಾಕಬೇಕು ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಎಲ್ಲಿಯವರೆಗೆ ಆ ಮೂರು ಜೀವ ಈಜುತ್ತವೋ ಅಲ್ಲಿಯವರೆಗೆ ತಾನು ಶಿರಸಿಯಲ್ಲಿ ಇರಬಹುದು ಎಂದು ಅವಳು ತನ್ನೊಳಗೇ ಒಪ್ಪಂದ ಮಾಡಿಕೊಂಡಿದ್ದಳು.

ಮನೆಯ ಗೇಟು ತೆರೆದಾಗ ಎಂಟರ ಹತ್ತಿರವಾಗಿತ್ತು, ಅಂಗಳವೆಲ್ಲ ಒದ್ದೆ. ಗ್ರಹಣ ಬಿಟ್ಟು, ಎಲ್ಲರದ್ದೂ ಸ್ನಾನವಾಗಿ, ಒಳಗಿನಿಂದ ನಾಗಪತಿಯ ಜಪದ ಗುಣುಗುಣು ಕೇಳುತ್ತಿತ್ತು. ಅತ್ತಿಗೆ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಬೆನ್ನ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಂತೂ ಮುಟ್ಟಡ ಕೂಸೆ, ಸೀದಾ ಬಚ್ಚಲಿಗೆ ಹೋಗು. ಮಿಂದಿಕ್ಕೆ ಬಾ, ನಿಂಗೊಂದು ತೋರಿಸ್ತೆ."

"ಎಂತ?"

"ಮಿಂದಿಕ್ಕೆ ಬಾರೆ ಮೊದ್ಲು!"

ಅತ್ತಿಗೆಯ ಮುಖದಲ್ಲಿ ಮಕ್ಕಳ ಮುಖದ ಉಮೇದಿತ್ತು. ನೇತ್ರಾ ಬಗ್ಗಿ, ಯಾವುದಕ್ಕೂ ತಾಗದಂತೆ ಸೆರಗು ಹಿಡಿದುಕೊಂಡು ಬಚ್ಚಲಿಗೆ ಹೋದಳು. ಹಂಡೆಯ ನೀರು ಬಿಸಿಯಿತ್ತು. ಎರಡು ಚೊಂಬು ತಲೆಗೆ ಸುರಿದುಕೊಂಡು ಮೂರನೆಯದಕ್ಕೆ ಬಗ್ಗಿದಾಗ ನಲ್ಲಿಯ ತಿರುಪಿಗೆ ಸಿಕ್ಕಿಸಿದ್ದ ವಸ್ತು ಕಂಡಿತು. ಹೊಸದಾಗಿ ಅಂಗಡಿಯಿಂದ ತಂದಂಥ, ನೀಲಿ ಬಣ್ಣದ ಸ್ಪಂಜು. ಅದು ನೀಲಿ ಎಂಬುದೇ ಅವಳಿಗೆ ಮರೆತುಹೋಗಿತ್ತು. ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದಳು. ಪಾತ್ರೆ ಸಾಬೂನಿನ ನಿಂಬೆ ವಾಸನೆ. ಮೂಲೆಯಲ್ಲಿ ಅವಳ ಎರಡೂ ಬಕೆಟ್ಟು ತೊಳೆಸಿಕೊಂಡು ಬೋರಲು ಬಿದ್ದಿದ್ದವು. ಬೆಳಿಗ್ಗೆ ಕಿವಿಯ ಮೇಲಿಂದ ಹಾದುಹೋದ ಚೆಲ್ಲವು ಎಂಬ ಮಾತು ಈಗ ಪೂರ್ತಿ ಒಳಗೆ ಇಳಿಯಿತು. ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿ ಹಿಡಿದಿಟ್ಟ ನೀರನ್ನೆಲ್ಲ ಚೆಲ್ಲಿ ಹೊಸತು ತುಂಬುವುದು ಅವಳು ಹುಟ್ಟಿದಾಗಿನಿಂದ ನೋಡಿದ್ದೇ. ದರ್ಭೆ ಬಿದ್ದದ್ದು ಮಾತ್ರ ಉಳಿಯುತ್ತದೆ. ಹಾಲು ಉಳಿಯಿತು, ಉಪ್ಪಿನಕಾಯಿ ಉಳಿಯಿತು.

ಮೈ ಒರೆಸಿಯೂ ಒರೆಸದೆ, ಸಿಕ್ಕಿದ್ದು ಸುತ್ತಿಕೊಂಡು ಕೋಣೆಗೆ ಬಂದಳು. ಟ್ಯಾಂಕು ಎಂದೂ ಇಲ್ಲದಷ್ಟು ತಿಳಿಯಾಗಿ, ಗಾಜೇ ಇಲ್ಲದ ಹಾಗೆ ಹೊಳೆಯುತ್ತಿತ್ತು. ಕಲ್ಲುಗಳನ್ನು ಕೂಡ ಒಂದೊಂದಾಗಿ ಉಜ್ಜಿ ಜೋಡಿಸಿತ್ತು. ಅಷ್ಟು ನೀರನ್ನು ಬೆನ್ನು ನೋವಿನ ಅತ್ತಿಗೆ ಕೊಡದಲ್ಲಿ ಹೊತ್ತು ತುಂಬಿದ್ದಳು.

"ಹೆಂಗೆ ಫಳಫಳ ಹೇಳ್ತು ನೋಡು! ಬಂದ್ಮೇಲೆ ನೀನು ಒಬ್ಬಳೇ ಒದ್ದಾಡವು ಹೇಳಿ ಆನೇ—" ಅತ್ತಿಗೆಯ ಮಾತು ನೇತ್ರಾಳ ಮುಖ ನೋಡಿ ಅಲ್ಲಿಗೇ ನಿಂತಿತು. "ಎಂತ ಆತೆ?"

ಸಮೃದ್ಧಿ ಗಾಜಿಗೆ ಮೂಗು ಹಚ್ಚಿ ಕೂತಿದ್ದಳು. "ಅತ್ತೆ, ಬಿಳಿದು ಅಡ್ಡ ಮಲಗ್ತಾ ಇದ್ದು."

ಕೆಂಪು ಎರಡೂ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು, ಬೌಲಿನಲ್ಲಿದ್ದಾಗಿನ ಹಾಗೆ, ಅದಕ್ಕಿಂತ ಜೋರಾಗಿ. ಕಿವಿರಿನ ಅಂಚು ರಕ್ತ ಒಸರುವಂತೆ ಕೆಂಪಾಗಿತ್ತು. "ಇದು ಹೊಸ ನೀರು, ಬ್ಲೀಚಿಂಗ್ ಇದ್ದು, ಹಳೆ ನೀರು ಬೇಕು" ಎಂದಳು ನೇತ್ರಾ. "ಹಳೆ ನೀರೆಲ್ಲ ಚೆಲ್ಲಿಬಿಟ್ಟೆನಲೆ" ಎಂದಳು ಅತ್ತಿಗೆ. ದರ್ಭೆ ಹಾಕಿದ್ದ ಕುಡಿಯುವ ಕೊಡದ ತಳದಲ್ಲಿ ನಾಲ್ಕು ಚೊಂಬು ಉಳಿದಿತ್ತು, ಅದನ್ನು ಪಾತ್ರೆಗೆ ಸುರಿದು ಮೀನುಗಳನ್ನು ಅದಕ್ಕೆ ಬಿಡು ಎಂದು ಕೂಗಿ ಹೇಳಿ, ಖಾಲಿಯಾಗಿದ್ದ ಇನ್ನೊಂದು ಕೊಡ ಹಿಡಿದು ನೇತ್ರಾ ಹೊರಗೆ ಓಡಿದಳು. ಎಡ ಬಲದ ಮನೆಗಳಲ್ಲೂ ಚೆಲ್ಲಿದ ನೀರು ಚರಂಡಿಯಲ್ಲಿ ಹರಿಯುತ್ತಿತ್ತು. ಓಣಿಯಲ್ಲಿ ನೀರು ಚೆಲ್ಲದ ಮನೆ ಒಂದೇ, ಟೆಂಪೋ ಓಡಿಸುವ ಮುನಾಫ್‌ನದು. ಅವನ ಹೆಂಡತಿ ಶರೀಫಾ ಮೆಟ್ಟಿಲ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಎಂಥದಾ ನೇತ್ರಾ? ತಲೆಯೆಲ್ಲ ನೀರು!"

"ಅಕ್ಕ, ಹಿಡಿದಿಟ್ಟ ನೀರು ಇದ್ಯಾ? ಹಳೇದು?"

"ಡ್ರಮ್ಮಲ್ಲಿದೆ. ಮೊನ್ನೇದು ಅದು, ಕುಡಿಯೂಕೆ ಬರೂದಿಲ್ಲ. ತಾಜಾ ಕೊಡ್ತೇನೆ, ತಡಿ."

"ಮೊನ್ನೇದೇ ಬೇಕು."

ಶರೀಫಾ ಒಂದು ಕ್ಷಣ ಅವಳನ್ನೇ ನೋಡಿ, "ಮೀನಿಗಾ?" ಎಂದು ಎದ್ದು, ತಾನೇ ಮೊಗೆದು ಕೊಡ ತುಂಬಿಸಿ ಸೊಂಟಕ್ಕೆ ಏರಿಸಿ, "ಹೋಗು ಹೋಗು, ಬಕೆಟ್ಟಲ್ಲಿ ಇನ್ನಷ್ಟು ತುಂಬಿಡ್ತೇನೆ" ಎಂದಳು.

ಕೊಡ ಹೊತ್ತು ಅವಳು ಬೇಗ ಬೇಗ ನಡೆದಳು. ಗೇಟಿನ ತನಕ ಬಂದಳು. ಅಲ್ಲಿ ನಿಂತಳು. ಅಂಗಳದ ಒದ್ದೆ ಇನ್ನೂ ಆರಿರಲಿಲ್ಲ. ಹೊಸ್ತಿಲು ತೊಳೆದು ದೀಪ ಹಚ್ಚಿಟ್ಟಿತ್ತು. ಈ ಮನೆಯಿಂದ ಒಂದು ಹನಿಯೂ ಉಳಿಯದಂತೆ ಹೊರಗೆ ಹಾಕಿದ ಗ್ರಹಣದ ನೀರನ್ನು, ಅದೂ ಬೇರೆ ಮನೆಯದನ್ನು, ತಾನು ಸೊಂಟದ ಮೇಲೆ ಹೊತ್ತು ಒಳಗೆ ಹೋಗುತ್ತಿದ್ದೇನೆ. ಯಾರಾದರೂ ಬಾ ಎನ್ನಬೇಕು. ಕೊಡವನ್ನು ಗೇಟಿನ ಕಂಬದ ಬುಡದಲ್ಲಿ ಇಳಿಸಿದಳು. ಕರೆದು ಕೇಳಿದರಾಗಿತ್ತು, ತರಲಾ ಅತ್ತಿಗೆ, ಎಂದು. ದನಿ ಏಳಲಿಲ್ಲ. ಕಿಟಕಿಯಲ್ಲಿ ಅತ್ತಿಗೆಯ ಬಗ್ಗಿದ ಬೆನ್ನು ಕಾಣುತ್ತಿತ್ತು, ಪಕ್ಕದಲ್ಲಿ ಸಮೃದ್ಧಿಯ ಎರಡು ಜಡೆ. ಇಬ್ಬರೂ ಆಚೆ ತಿರುಗಿ ಯಾವುದೋ ಪಾತ್ರೆಯನ್ನು ನೋಡುತ್ತಿದ್ದರು. ಅಣ್ಣನ ಜಪ ಮುಗಿದಿರಲಿಲ್ಲ. ಅವಳು ಕಾದಳು. ಜೀವ ಹೋಗುತ್ತಿದೆ ಎಂಬುದು ಗೊತ್ತಿದ್ದೂ, ಅದೇ ಗೊತ್ತಿದ್ದೂ, ಯಾರಾದರೂ ತಿರುಗಿ ನೋಡಲಿ ಎಂದು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದಂತೆ ಕೈ ಕಟ್ಟಿಕೊಂಡು ಕಾದಳು. ಎಷ್ಟು ಹೊತ್ತು ಎಂದು ಆಮೇಲೂ ಅವಳಿಗೆ ಹೇಳಲಾಗಲಿಲ್ಲ. ಮುನಾಫ್‌ನ ಟೆಂಪೋದ ಮೇಲೆ ಚಂದ್ರ ಸ್ವಚ್ಛವಾಗಿ ನಿಂತಿದ್ದ, ಏನೂ ಆಗದವನ ಹಾಗೆ.

ಅತ್ತಿಗೆ ಹೊರಗೆ ಬಂದವಳು ಅವಳನ್ನು ಕಂಡು ಅಲ್ಲಿಂದಲೇ ಕೂಗಿದಳು. "ಅಲ್ಲೆಂತಕ್ಕೆ ನಿಂತಿದ್ಯೆ! ನೀರು ತಪ್ಪಲೆ ಹೋದವಳು ಗೇಟಲ್ಲಿ ನಿಂತ್ಕಂಬುದ? ಬಾ ಒಳಗೆ!"

"ಇದು ಶರೀಫಕ್ಕನ ಮನೆದು... ಹಳೆ ನೀರು ಅತ್ತಿಗೆ. ಬಕೆಟ್ಟಲ್ಲಿ ಇನ್ನಷ್ಟು ತುಂಬಿಡ್ತಡ."

"ಗೊತ್ತಿದ್ದೆ ಮಾರಾಯ್ತಿ!" ಎಂದು ಅತ್ತಿಗೆ ಬರಿಗಾಲಲ್ಲಿ ಅಂಗಳ ಇಳಿದು ಬಂದು, ಮಿಂದು ಉಟ್ಟ ಸೀರೆಯ ಸೊಂಟಕ್ಕೇ ಆ ಕೊಡ ಏರಿಸಿಕೊಂಡು, ನೀರು ತುಳುಕಿಸುತ್ತ ಒಳಗೆ ಓಡಿದಳು. ನೇತ್ರಾ ಖಾಲಿ ಕೈಯಲ್ಲಿ ಹಿಂದೆ ಹೋದಳು.

ಬಿಳಿಯದು ಆಗಲೇ ಹೊಟ್ಟೆ ಮೇಲೆ ಮಾಡಿತ್ತು. ಕೆಂಪಿನಲ್ಲಿ ಒಂದು ಪಾತ್ರೆಯ ತಳದಲ್ಲಿ ಅಲ್ಲಾಡದೆ ಕೂತಿತ್ತು. ಇನ್ನೊಂದನ್ನು ಹೊಸದಾಗಿ ತಂದ ಹಳೆ ನೀರಿಗೆ ಬಿಟ್ಟಾಗ ಅದು ಒಂದು ಸುತ್ತು ಚೆನ್ನಾಗಿಯೇ ಈಜಿತು. ಸಮೃದ್ಧಿ ಚಪ್ಪಾಳೆ ತಟ್ಟಿದಳು. ಎರಡನೆಯ ಸುತ್ತಿನಲ್ಲಿ ಅದು ನೇತ್ರಾಳ ಅಂಗೈಗೆ ಬಂದು ಒರಗಿತು. ಕಿವಿರು ಒಮ್ಮೆ ತೆರೆಯಿತು. ಅವಳು ಕಾದಳು. ಮತ್ತೆ ತೆರೆಯಲಿಲ್ಲ.

"ಯನ್ನ ಕೈಯಾರೆ ಆತಲೆ" ಎಂದು ಅತ್ತಿಗೆ ನೆಲದ ಮೇಲೆ ಕೂತುಬಿಟ್ಟಳು. ಟವೆಲು ಬಿಚ್ಚಿ ಕೂದಲು ಮುಖದ ಮೇಲೆ ಬಿದ್ದಿತ್ತು. "ಚಂದ ಆಗ್ಲಿ ಹೇಳಿ ಮಾಡಿದ್ದು."

ನೇತ್ರಾಳಿಗೆ ಹೇಳಬೇಕಾದದ್ದು ಎಲ್ಲವೂ ಆಗ ಸಾಲಾಗಿ ಬಂದು ಬಾಯಿಯ ಹಿಂದೆ ನಿಂತಿತು. ಬೆಳಿಗ್ಗೆ ಒಂದು ಚೂರು ಹುಲ್ಲು ಹಾಕಲು ಬಿಟ್ಟಿದ್ದರೆ. ಸ್ಪಂಜಿನ ವಿಷಯ ಒಂದು ದಿನ ಕೂತು ಹೇಳಿದ್ದರೆ. ಗೇಟಿನಲ್ಲಿ ನಿಲ್ಲದಿದ್ದರೆ. ನಿನ್ನದಲ್ಲ, ತಪ್ಪು ನನ್ನದು ಎಂದರೆ ಅತ್ತಿಗೆ ಇನ್ನೂ ಅಳುತ್ತಾಳೆ, ನಿನ್ನದೇ ಎಂದರೆ ಈ ಮನೆಯಲ್ಲಿ ನಾಳೆ ಅನ್ನ ಇಳಿಯುವುದಿಲ್ಲ. "ಸೆಖೆಗೂ ಆಗಿಕ್ಕು" ಎಂದಳು. ಅತ್ತಿಗೆ ತಲೆ ಎತ್ತಿ ಅವಳನ್ನು ನೋಡಿದಳು. ಸೆಖೆಯಿಂದ ಸತ್ತವೆಂಬುದು ಸುಳ್ಳು, ಅದು ಇಬ್ಬರಿಗೂ ಗೊತ್ತಿತ್ತು. ಜಪ ಮುಗಿಸಿ ಬಂದ ನಾಗಪತಿ ಬಾಗಿಲಲ್ಲಿ ನಿಂತು, ನಾಳೆ ಬೇರೆ ತಂದರಾತು ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ಕಂಡು ಹಾಗೇ ಹಿಂದೆ ಸರಿದ.

ಸಮೃದ್ಧಿ ಹಳೆ ಪೇಪರು ತಂದು ಹಾಸಿದಳು. ಅದರ ಮೇಲೆ ಮೀನುಗಳನ್ನು ಇಡುವಾಗ ನೇತ್ರಾಳ ಫೋನು ರಿಂಗಾಯಿತು. ಒದ್ದೆ ಕೈಯಲ್ಲಿ ಹಿಡಿಯಲಾಗದೆ ಸ್ಪೀಕರಿಗೆ ಹಾಕಿದಳು.

"ಗ್ರಹಣ ಬಿಡ್ತು. ಮಿಂದಾತ?" ಎಂದ ಉಲ್ಲಾಸ.

"ಆತು."

"ಯುಗಾದಿಗಾದ್ರೂ ಬತ್ಯ? ಇಲ್ಲಿ ಎಲ್ಲ ಕೇಳ್ತಾ ಇದ್ದ."

ನೇತ್ರಾ ಪೇಪರನ್ನು ನೋಡಿದಳು. ಅಕ್ಷರಗಳ ಮೇಲೆ ನೀರು ಹರಡುತ್ತಿತ್ತು. ಅಟ್ಟದ ಮೇಲಿನ ಚೀಲ ಇಳಿಸಲು ಒಂದು ಸ್ಟೂಲು ಸಾಕು.

"ಇಲ್ಲೆ" ಎಂದಳು. "ಮೀನು ಇದ್ದಲಿ. ಮೂರೂ ದೊಡ್ಡ ಆಜು ಈಗ. ಬಿಟ್ಟಿಕ್ಕೆ ಬಪ್ಪಲೆ ಆಗ್ತಿಲ್ಲೆ."

ಸಮೃದ್ಧಿ ಥಟ್ಟನೆ ತಲೆ ಎತ್ತಿ, "ಅತ್ತೆ, ಮೀನು—" ಎಂದಳು. ಅತ್ತಿಗೆ ಕೂತಲ್ಲಿಂದಲೇ ಕೈ ಚಾಚಿ ಮಗಳ ಬಾಯಿ ಮುಚ್ಚಿದಳು. ಮುಚ್ಚಿದ ಕೈಯನ್ನು ಆಚೆಯ ದನಿ ಸರಿ ಎಂದು ಫೋನಿಡುವ ತನಕ ತೆಗೆಯಲಿಲ್ಲ. ಆಮೇಲೆ ಎದ್ದು, ಸೆರಗು ಸಿಕ್ಕಿಸಿಕೊಂಡು, ಟ್ಯಾಂಕಿಗೆಂದು ಶರೀಫಾ ತುಂಬಿಟ್ಟಿದ್ದ ಬಕೆಟ್ಟು ತರಲು ಹೋದಳು.

ಪೇಪರಿನ ಮೇಲೆ ಮೂರು ಮೀನಿದ್ದವು. ಎರಡು ಕೆಂಪು, ಒಂದು ಬಿಳಿ.